ಮುದ್ದ, ಸಿದ್ದ ಮತ್ತು ವಾರದ ಏಳು ದಿನ

ಹುಣಸೂರು

ಮೊದಲೇ ಹೇಳಿಬಿಡುತ್ತೇನೆ, ನಾನು ಜೆರುಸಲೇಮ್ ನೋಡಲಿಲ್ಲ. ಪ್ಯಾಲೆಸ್ಟೈನಿಗೆ ಹೋಗಿ ಬಂದವನೆಂದು ನಮ್ಮೂರ ಪಾದ್ರಿಗಳು ಕುರ್ಚಿ ಹಾಕಿ ಕೂರಿಸಿ, ಕಾಫಿ ಕೊಟ್ಟು, ಪುಣ್ಯಕ್ಷೇತ್ರದ ವರ್ಣನೆ ಕೇಳಲು ಕೈಕಟ್ಟಿ ಕುಳಿತರು. ನನಗೆ ವರ್ಣಿಸಲು ಇದ್ದದ್ದು ಎರಡು ಎತ್ತುಗಳ ಬಾಲ ಮಾತ್ರ. ಎರಡನೆಯ ಲೋಟ ಕಾಫಿ ಬರಲಿಲ್ಲ.

ನಾನು ಹುಣಸೂರಿನ ದನದ ಆಸ್ಪತ್ರೆಯಲ್ಲಿ ಕಾಂಪೌಂಡರು, ಹೆಸರು ಪುಟ್ಟಸ್ವಾಮಿ. ಲೋಯರ್ ಸೆಕೆಂಡರಿ ಪಾಸಾಗಿದ್ದರಿಂದ ಇಂಗ್ಲಿಷ್ ಬಲ್ಲವನೆಂಬ ಜಂಬ ಆಗ ಹೇರಳವಾಗಿತ್ತು. ಎತ್ತುಗಳು ನನ್ನ ಸೋದರಮಾವ ಬೋರೇಗೌಡರವು. ಮಾವನವರದು ಹನಗೋಡು. ಎಳೆಗರುಗಳಾಗಿದ್ದಾಗಲೇ ತಾಯಿ ಕಳೆದುಕೊಂಡ ಆ ಹಳ್ಳಿಕಾರ್ ಜೋಡಿಗೆ ನಿಂಗಮ್ಮತ್ತೆ ಬಿದಿರಿನ ಗೊಟ್ಟದಲ್ಲಿ ಹಾಲು ಕುಡಿಸಿ ಸಾಕಿದ್ದರು. ನೊಗದ ಎಡಕ್ಕೆ ಮುದ್ದ, ಬಲಕ್ಕೆ ಸಿದ್ದ. ಮುದ್ದ ಸಾಧು. ಸಿದ್ದನಿಗೆ ಮಾವನ ದನಿ ಬಿಟ್ಟರೆ ಬೇರೆ ಯಾವ ದನಿಯೂ ಕಿವಿಗೆ ಬೀಳುತ್ತಿರಲಿಲ್ಲ.

ಕೊಡಗಿನ ಕಡೆ ಕಾಫಿ ತೋಟ ಮಾಡಿಕೊಂಡಿದ್ದ ಒಬ್ಬ ದೊರೆ, ಮಾವನಿಗೆ ಹಾವು ಕಚ್ಚಿದಾಗ ತನ್ನ ಮೋಟಾರಿನಲ್ಲಿ ಹೇರಿಕೊಂಡು ಹುಣಸೂರಿನ ಆಸ್ಪತ್ರೆಗೆ ತಂದು ಜೀವ ಉಳಿಸಿದ್ದ. ಈ ದೊರೆಯ ಭಾವಮೈದುನ ಪ್ಯಾಲೆಸ್ಟೈನಿನಲ್ಲಿ ಬೇಸಾಯದ ಅಧಿಕಾರಿ. ಅಲ್ಲಿನ ಎತ್ತುಗಳು ನಿಧಾನವಂತೆ, ಚುರುಕಾದ ಒಂದು ಮೈಸೂರು ಜೋಡಿ ತರಿಸಿ ನೋಡಬೇಕಂತೆ. ದೊರೆ ಕೇಳಿದ. ಜೀವ ಉಳಿಸಿದವನಿಗೆ ಇಲ್ಲವೆನ್ನಲು ಮಾವನಿಗೆ ಬಾಯಿ ಬರಲಿಲ್ಲ. ಎತ್ತಿಗೆ ಕನ್ನಡ ಬಿಟ್ಟು ಬೇರೆ ಭಾಷೆ ತಿಳಿಯದ್ದರಿಂದ ಮಾವನೂ ಹೋಗಬೇಕಾಯಿತು. ಮಾವನಿಗೂ ಕನ್ನಡ ಬಿಟ್ಟು ಬೇರೆ ತಿಳಿಯದ್ದರಿಂದ ನಾನೂ ಹೋಗಬೇಕಾಯಿತು.

ಹೊರಡುವ ದಿನ ಅತ್ತೆ ಎತ್ತಿನ ಹಣೆಗೆ ಕುಂಕುಮವಿಟ್ಟು ಮಾವನ ಕಡೆ ತಿರುಗಿದರು.

"ದೊರೆ ಋಣ ತೀರಿಸ್ಕಳಿ, ನಾನ್ ಬ್ಯಾಡ ಅನ್ನಕಿಲ್ಲ. ಆದ್ರೆ ಜೋಡಿ ಮುರೀಕೂಡ್ದು. ಒಂದೇ ನೊಗ, ಒಂದೇ ಕೊಟ್ಟಿಗೆ. ಅದ್ನ ಕಣ್ಣಾರೆ ನೋಡ್ಕಂಡು ಬಂದ್ರೆ ಒಳೀಕ್ ಬನ್ನಿ. ಇಲ್ದಿದ್ರೆ ಜಗಲಿ ಮ್ಯಾಲೇ ಬಿದ್ದಿರಿ."

"ಬುಡತ್ಲಾಗೆ, ಅಂಗೇ ಆಗ್ಲಿ" ಎಂದರು ಮಾವ.

ಈ 'ಬುಡತ್ಲಾಗೆ' ಮಾವನ ತಾರಕಮಂತ್ರ. ಮಳೆ ಬಂದರೂ ಬುಡತ್ಲಾಗೆ, ಬಾರದಿದ್ದರೂ ಬುಡತ್ಲಾಗೆ. ಸಂಜೆ ನೊಗ ಇಳಿಸುವಾಗ ಎತ್ತುಗಳಿಗೂ ಅದನ್ನೇ ಹೇಳುತ್ತಿದ್ದರು. ಆದರೆ ಅಂದು ಅದನ್ನು ಹೇಳುತ್ತ ಜಗಲಿಯ ಅಗಲವನ್ನು ಕಣ್ಣಲ್ಲೇ ಅಳೆದರು. ಅತ್ತೆ ಆಡಿದ ಮಾತನ್ನು ನಡೆಸುವ ಹೆಂಗಸೆಂದು ಹನಗೋಡಿಗೆಲ್ಲ ಗೊತ್ತು.

ಬೊಂಬಾಯಿ, ಸೋಮವಾರ

ಬಂದರಿನಲ್ಲಿ ಎತ್ತಿನ ಹೊಟ್ಟೆಗೆ ಅಗಲವಾದ ಪಟ್ಟಿ ಸುತ್ತಿ, ಯಂತ್ರದಿಂದ ಮೇಲೆತ್ತಿ ಹಡಗಿಗೆ ಇಳಿಸುತ್ತಾರೆ. ಎಲ್ಲಾ ಸಿದ್ಧವಾದಾಗ ಮಾವ ಅಡ್ಡ ನಿಂತರು.

"ಇವತ್ತು ಸ್ವಾಮಾರ ಕಣ್ಲಾ ಅಳಿಯ."

ನಮ್ಮ ಕಡೆ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ. ಅದು ಬಸವಣ್ಣನ ದಿನ. ಯಾವ ಅವಸರವಿದ್ದರೂ ಆರು, ಅಂದರೆ ನೇಗಿಲು, ಕಟ್ಟುವಂತಿಲ್ಲ. ಇದನ್ನು ಹಡಗಿನವರಿಗೆ ಹೇಳಿದೆ. ಅವರು ಬೊಂಬಾಯಿಯ ಭಾಷೆಯಲ್ಲಿ ಏನೋ ಅಂದರು. ಅದನ್ನು ಮಾವನಿಗೆ ಅನುವಾದ ಮಾಡಲಿಲ್ಲ.

"ನೊಗ ಎಲ್ಲಿ ಹಾಕ್ತಾರೆ ಮಾವ? ಸುಮ್ನೆ ಮೇಲಕ್ಕೆ ಎತ್ತುತ್ತಾರೆ ಅಷ್ಟೇ."

ಮಾವ ಎಲೆ ಅಡಿಕೆ ಹಾಕಿಕೊಂಡು ಈ ಧರ್ಮಸೂಕ್ಷ್ಮವನ್ನು ಬಹಳ ಹೊತ್ತು ಅಗಿದರು. ಹಡಗು ಎರಡು ಸಲ ಕೂಗಿತು.

"ಎತ್ತು ಕೆಲ್ಸ ಮಾಡಿದ್ರೆ ದೋಸ. ಎತ್ತನ್ನ ಎತ್ತುದ್ರೆ ದೋಸ ಇಲ್ಲ. ಎತ್ತಲಿ ಬುಡತ್ಲಾಗೆ" ಎಂದು ಕೊನೆಗೆ ತೀರ್ಪು ಕೊಟ್ಟರು. ಸಿದ್ದ ಆಕಾಶದಲ್ಲಿ ತೇಲುತ್ತ ಬೊಂಬಾಯಿಯ ಮೇಲೆ ಸಗಣಿ ಹಾಕಿದ.

ಸಮುದ್ರದಲ್ಲಿ ವಾಂತಿ ಮಾಡಿಕೊಂಡವನು ನಾನೊಬ್ಬನೇ. ಎತ್ತುಗಳು ಹುರುಳಿ ತಿನ್ನುತ್ತ, ಮಾವ ರಾಗಿಮುದ್ದೆ ನುಂಗುತ್ತ ನನ್ನನ್ನು ಕನಿಕರದಿಂದ ನೋಡುತ್ತಿದ್ದರು.

ಕಣಿವೆ, ಬುಧವಾರ

ಪೋರ್ಟ್ ಸೈದಿನಲ್ಲಿ ಇಳಿದು, ರೈಲಿನಲ್ಲಿ ಮರಳುಗಾಡು ದಾಟಿ ಹೈಫಾ ಸೇರಿದೆವು. ದೊಡ್ಡ ಯುದ್ಧದಲ್ಲಿ ನಮ್ಮ ಮಹಾರಾಜರ ಕುದುರೆ ಸವಾರರು ಹೋಗಿದ್ದ ಊರು ಅದು. "ಕುದ್ರೆ ಬಂದಿದ್ ಊರ್ಗೆ ಎತ್ತೂ ಬಂತು" ಎಂದು ಮಾವ ಬೀಗಿದರು. ಅಲ್ಲಿಂದ ಒಳನಾಡಿನ ಕಣಿವೆಗೆ ನಡೆದು ಹೋದೆವು. ಕರಿಮಣ್ಣಿನ ನೆಲ. ಮಾವ ಒಂದು ಹಿಡಿ ಎತ್ತಿಕೊಂಡು ಮೂಸಿ, ಪಿರಿಯಾಪಟ್ಟಣದ ಕಡೆಯ ಕೆಂಪು ಮಣ್ಣಿಗಿಂತ ಒಂದು ಕೈ ಮೇಲು ಎಂದರು. ಆದರೆ ಒಣಗಿದ್ದಾಗ ಅದು ಕಲ್ಲು, ಮಳೆ ಬಿದ್ದರೆ ಕಾಲು ಹೂಳುವ ಕೆಸರು. ಮಳೆಗೆ ಇನ್ನು ಎರಡು ವಾರವೂ ಇರಲಿಲ್ಲ. ಅಷ್ಟರಲ್ಲಿ ಉತ್ತು ಮುಗಿಸಬೇಕು.

ಅಧಿಕಾರಿ ದೊರೆ ಎತ್ತುಗಳನ್ನು ಕೊಟ್ಟದ್ದು ಎರಡು ಊರಿಗೆ ಸೇರಿಸಿ. ಎರಡೂ ಯೆಹೂದ್ಯರವು, ಎರಡೂ ಹೊಸವು, ನಡುವೆ ಒಂದು ಬದು. ಎರಡು ಸಾವಿರ ವರ್ಷದ ಹಿಂದೆ ಬಿಟ್ಟುಹೋದ ನೆಲ ಇದು, ತಿರುಗಿ ಬಂದಿದ್ದೇವೆ ಎನ್ನುವುದರಲ್ಲಿ ಇಬ್ಬರಿಗೂ ಒಮ್ಮತ. ಬಂದು ಏನು ಮಾಡಬೇಕೆನ್ನುವುದರಲ್ಲಿ ಜಗಳ.

ಕೆಳಗಿನ ಊರಿನವರು ದೇವರನ್ನು ಪೋಲೆಂಡಿನಲ್ಲೇ ಬಿಟ್ಟು ಬಂದವರು. ಗಂಡಸರು, ಹೆಂಗಸರು ಎಲ್ಲರೂ ಚೆಡ್ಡಿ ಹಾಕಿ ಗೆಯ್ಯುತ್ತಾರೆ. ಒಂದೇ ಅಡಿಗೆಮನೆ, ಒಂದೇ ಪಂಕ್ತಿ, ಯಾರಿಗೂ ಸ್ವಂತದ್ದೇನೂ ಇಲ್ಲ. ಮಾವ ಮೊದಲ ದಿನವೆಲ್ಲ ನೆಲ ನೋಡಿಕೊಂಡೇ ನಡೆದರು. ಮೇಲಿನ ಊರಿನವರೂ ಹಾಗೆಯೇ ಬೆವರು ಸುರಿಸಿ ಗೆಯ್ಯುತ್ತಾರೆ, ಆದರೆ ಟೋಪಿ ಹಾಕಿ, ಗಡ್ಡ ಬಿಟ್ಟು, ಶಾಸ್ತ್ರ ಕೇಳಿ. ಶಾಸ್ತ್ರವಿಲ್ಲದಿದ್ದರೆ ಇದೂ ಒಂದು ನೆಲ ಅಷ್ಟೇ ಎಂದು ಅವರ ಮತ.

ಮೇಲಿನ ಊರಿನ ಮುಖಂಡ ಮೆಂಡೆಲ್, ಕೆಳಗಿನದಕ್ಕೆ ದೋವ್. ಇಬ್ಬರೂ ಒಡಹುಟ್ಟಿದ ಅಣ್ಣ ತಮ್ಮಂದಿರು. ಮೂರು ವರ್ಷದಿಂದ ಮಾತಿಲ್ಲ. ಈಗ ಒಂದು ಜೋಡಿ ಎತ್ತನ್ನು ಹಂಚಿಕೊಳ್ಳಬೇಕಾದ್ದರಿಂದ ನನ್ನ ಮೂಲಕ ಮಾತನಾಡತೊಡಗಿದರು.

"ಎತ್ತು ಮೊದಲು ನಮ್ಮ ಹೊಲಕ್ಕೆ ಎಂದು ಅವನಿಗೆ ಹೇಳಿ" ಎಂದು ಮೆಂಡೆಲ್ ಇಂಗ್ಲಿಷಿನಲ್ಲಿ ಹೇಳುವುದು. ನಾನು ಮೂರು ಅಡಿ ದೂರದಲ್ಲಿದ್ದ ದೋವನಿಗೆ ಅದನ್ನೇ ಇಂಗ್ಲಿಷಿನಲ್ಲಿ ಹೇಳುವುದು. ಇಂಗ್ಲಿಷಿನಿಂದ ಇಂಗ್ಲಿಷಿಗೆ ಅನುವಾದ ಮಾಡುವ ಕೆಲಸ ಜಗತ್ತಿನಲ್ಲಿ ಮತ್ತಾರಿಗೂ ಸಿಕ್ಕಿರಲಾರದು. ಮಾವ ಅರ್ಧ ಗಳಿಗೆ ನೋಡಿದರು.

"ಉಟ್ತಾ ಅಣ್ತಮ್ದೀರು, ಬೆಳೀತಾ ದಾಯಾದಿಗಳು. ಪಾಲಿನ್ ಜಗಳ ಕಣ್ಲಾ ಇದು. ಏನ್ ಪಾಲು ಅಂತ ಕೇಳು."

ಕೇಳಿದೆ. ದೋವ್ ನಕ್ಕುಬಿಟ್ಟ. "ನಮ್ಮಪ್ಪ ಬಿಟ್ಟುಹೋದದ್ದು ಒಂದು ಪುಸ್ತಕ. ಅಣ್ಣ ಅದನ್ನು ಓದುತ್ತಾನೆ. ನಾನು ಅದರಲ್ಲಿರುವ ನೆಲ ಉಳುತ್ತೇನೆ."

ಆ ಸಂಜೆ ಮಾವ ಎತ್ತುಗಳನ್ನು ನೀರಿಗೆ ಕರೆಯುತ್ತ "ಬಾ, ಬಾ" ಎಂದರು. ಮೆಂಡೆಲ್ ಬೆಚ್ಚಿ ತಿರುಗಿದ. ಅವರ ಭಾಷೆಯಲ್ಲಿಯೂ 'ಬಾ' ಎಂಬ ಮಾತಿದೆಯಂತೆ. 'ಬರುತ್ತಾನೆ' ಎಂದು ಅರ್ಥ.

"ಬರುತ್ತಾನೆ, ನಿಜ. ನಮ್ಮನ್ನು ಉದ್ಧರಿಸುವವನು. ನಾವು ಇಲ್ಲಿ ಒಂದೊಂದು ಸಾಲು ಉತ್ತ ಹಾಗೆಲ್ಲ ಅವನು ಒಂದೊಂದು ಹೆಜ್ಜೆ ಹತ್ತಿರ ಬರುತ್ತಾನೆ" ಎಂದು ಮೆಂಡೆಲ್ ಕಣ್ಣು ತುಂಬಿಕೊಂಡ.

"ಅದೇ ಮಾತಿಗೆ 'ಬಂದ' ಎಂದೂ ಅರ್ಥವಿದೆ ಅಂತ ಅವನಿಗೆ ಹೇಳಿ" ಎಂದ ದೋವ್. "ಬರುವವನಿಗಾಗಿ ಎರಡು ಸಾವಿರ ವರ್ಷ ಕಾದೆವು. ಸಾಕಾಗಿ ನಾವೇ ಬಂದೆವು. ಬಂದಾಯಿತು."

ಇಬ್ಬರೂ ಎಷ್ಟೋ ಹೊತ್ತು ನನ್ನ ಮೂಲಕ ಆ ಒಂದೇ ಅಕ್ಷರವನ್ನು ಎಳೆದಾಡಿದರು. ಅಷ್ಟರಲ್ಲಿ ಎತ್ತುಗಳು ಬಂದು ನೀರು ಕುಡಿದು ಹೋಗಿದ್ದವು.

ಗುರುವಾರ

ನಮಗೆ ಮಲಗಲು ಬದುವಿನ ಮೇಲಿದ್ದ ಕೊಟ್ಟಿಗೆ. ಊಟ ಒಂದು ದಿನ ಕೆಳಗೆ, ಒಂದು ದಿನ ಮೇಲೆ. ಮೇಲಿನ ಊರಿನಲ್ಲಿ ಕೋಳಿ ಸಾರು ಬಡಿಸಿದರು. ಮಾವ ಚಪ್ಪರಿಸಿ ಉಂಡು, ಹೊಟ್ಟೆ ತಣ್ಣಗಿರಲೆಂದು ಮಜ್ಜಿಗೆ ಕೇಳಿದರು. ಅಡಿಗೆಯಾಕೆ ಕಿರುಚಿಕೊಂಡಳು. ಮಾಂಸವನ್ನೂ ಹಾಲನ್ನೂ ಅವರು ಒಂದೇ ಊಟದಲ್ಲಿ ಸೇರಿಸುವುದಿಲ್ಲ, ಪಾತ್ರೆಗಳೂ ಬೇರೆ ಬೇರೆ. ಸಾಲಿಗ್ರಾಮದಲ್ಲಿ ಒಮ್ಮೆ ನಾನು ಅಗ್ರಹಾರದವರ ಮಡಿ ಬಟ್ಟೆ ಮುಟ್ಟಿ ಬೈಸಿಕೊಂಡದ್ದು ನೆನಪಾಯಿತು. ಇಷ್ಟು ದೂರ ಬಂದರೂ ಮಡಿ ತಪ್ಪಲಿಲ್ಲವಲ್ಲ ಎಂದು ಒಂದು ರೀತಿಯ ಸಮಾಧಾನವೂ ಆಯಿತು.

ಕೆಳಗಿನ ಊರಿನಲ್ಲಿ ಈ ರಗಳೆ ಇಲ್ಲ. ಅಲ್ಲಿ ಉಂಡ ಮೇಲೆ ಸಭೆ. ಮಜ್ಜಿಗೆ ಯಾರು ಕಡೆಯಬೇಕೆನ್ನುವುದಕ್ಕೂ ಕೈ ಎತ್ತಿಸುತ್ತಾರೆ. ಯಾಕೆಂದು ತಿಳಿಯದೆ ಮಾವನೂ ಕೈ ಎತ್ತಿದರು. ಎರಡು ದಿನ ಪಾತ್ರೆ ತೊಳೆಯುವ ಸರದಿ ನಮ್ಮ ಪಾಲಿಗೆ ಬಂತು.

ಶುಕ್ರವಾರ

ಪಕ್ಕದ ಹಳ್ಳಿಯ ಅರಬ್ಬಿ ರೈತ ಅಬು ಸಲೀಂ ಒಂದು ಮೂಟೆ ಗೋಧಿ ಹೊಟ್ಟು ಹೊತ್ತು ಬಂದ. ಪರದೇಶದ ಎತ್ತು ನೋಡುವ ಆಸೆ ಅವನಿಗೆ. ಸಿದ್ದನ ಕೊಂಬು ಸವರಿದ, ಮುದ್ದನ ಗೊರಸು ಎತ್ತಿ ನೋಡಿದ. ಎತ್ತು ಬಲ್ಲವನ ಕೈ ಮಾವನಿಗೆ ತಕ್ಷಣ ಗೊತ್ತಾಗುತ್ತದೆ. ಇಬ್ಬರೂ ಒಂದೂ ಮಾತು ತಿಳಿಯದೆ ಬಹಳ ಹೊತ್ತು ಮಾತನಾಡಿದರು. ನೀನು ಇವತ್ತು ಯಾಕೆ ಆರು ಕಟ್ಟಿಲ್ಲವೆಂದು ಮಾವ ಸನ್ನೆಯಲ್ಲಿ ಕೇಳಿದ್ದಕ್ಕೆ, ಶುಕ್ರವಾರ ನಮಾಜಿನ ದಿನವೆಂದು ಅವನು ಕೈ ಮೇಲೆತ್ತಿ ತೋರಿಸಿದ.

ಹೋಗುವಾಗ ಹೊಲದ ಕಡೆ ಬೆರಳು ಮಾಡಿ ದೋವನಿಗೆ ಏನೋ ಹೇಳಿದ. ಅದರಲ್ಲಿ ಒಂದು ಮಾತು ನಮಗೂ ಕೇಳಿಸಿತು. 'ಹಕ್ಕ್' ಎಂದ. ಹುಣಸೂರಿನ ತಾಲ್ಲೂಕು ಕಚೇರಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಮಾತು ಅದು. ಮಾವನ ಕಿವಿ ನೆಟ್ಟಗಾಯಿತು.

"ಏನಂದ?" ಎಂದು ನಾನು ದೋವನನ್ನು ಕೇಳಿದೆ.

ದೋವ್ ಹೇಳಿದ. "ಈ ಹೊಲವನ್ನು ಅವನ ಅಪ್ಪ, ಅಜ್ಜ ಉಳುತ್ತಿದ್ದರಂತೆ. ಉಳುವ ಹಕ್ಕು ತನ್ನದು ಅನ್ನುತ್ತಾನೆ. ಆದರೆ ಜಮೀನು ಬೇರೊಬ್ಬ ಧಣಿಯದಾಗಿತ್ತು. ನಾವು ಆ ಧಣಿಯಿಂದ ಕೊಂಡೆವು."

"ಗೇಣಿ ಒಕ್ಲು" ಎಂದರು ಮಾವ. ಅವನು ತಂದ ಹೊಟ್ಟನ್ನು ಎತ್ತುಗಳ ಮುಂದೆ ಸುರಿದರು. ಅಣ್ಣ ತಮ್ಮಂದಿರ ಜಗಳದಲ್ಲಿ ಈ ಮೂರನೆಯವನನ್ನು ಯಾರೂ ಕೇಳಿರಲಿಲ್ಲ, ನಿಜ ಹೇಳಬೇಕೆಂದರೆ ನಾನೂ ಆಮೇಲೆ ಕೇಳಲಿಲ್ಲ.

ಶನಿವಾರ

ಜಗಳ ಹೊತ್ತಿಕೊಂಡದ್ದು ಶನಿವಾರ. ಮೇಲಿನ ಊರಿನವರಿಗೆ ಅದು ವಿಶ್ರಾಂತಿಯ ದಿನ, ಒಲೆಯನ್ನೂ ಹೊತ್ತಿಸುವುದಿಲ್ಲ. ಕೆಳಗಿನವರು ಆಕಾಶ ನೋಡಿದರು, ಮೋಡ ಕಟ್ಟುತ್ತಿತ್ತು. ಎತ್ತಿಗೆ ನೊಗ ಹಾಕಿ ಎಂದರು. ಮೆಂಡೆಲ್ ಪ್ರಾರ್ಥನೆಯ ಶಾಲು ಹೊದ್ದುಕೊಂಡೇ ಇಳಿದು ಬಂದ.

"ಎತ್ತಿಗೂ ಈ ದಿನ ವಿಶ್ರಾಂತಿ ಎಂದು ಬರೆದಿದೆ ಅಂತ ಅವನಿಗೆ ಹೇಳಿ. ಈ ಎತ್ತಿನಲ್ಲಿ ಅರ್ಧ ನಮ್ಮದು."

"ನಿಮ್ಮ ಅರ್ಧ ಮಲಗಿರಲಿ, ನಮ್ಮ ಅರ್ಧ ಉಳಲಿ ಅಂತ ಅವನಿಗೆ ಹೇಳಿ."

"ಶನಿವಾರ ಬಿಟ್ಟರೆ ಮಿಕ್ಕ ದಿನವೆಲ್ಲ ಉಳಬಹುದಲ್ಲ?" ಎಂದು ನಾನು ಜಾಣತನ ತೋರಿಸಹೋದೆ.

"ಸ್ವಾಮಾರ ಆಗಕಿಲ್ಲ" ಎಂದರು ಮಾವ.

ಇದನ್ನು ನಾನು ಅನುವಾದ ಮಾಡಬಾರದಿತ್ತು. ಮಾಡಿದೆ. ದೋವ್ ತಲೆ ಮೇಲೆ ಕೈ ಹೊತ್ತುಕೊಂಡ. "ಅಣ್ಣನ ದೇವರಿಂದ ತಪ್ಪಿಸಿಕೊಳ್ಳಲು ಇಷ್ಟು ದೂರ ಬಂದೆ. ಈಗ ಎತ್ತಿಗೂ ಒಂದು ದೇವರೇ?"

ಲೆಕ್ಕ ಹಾಕಿ ನೋಡಿದರೆ, ಶುಕ್ರವಾರ ಅಬು ಸಲೀಮನದು, ಶನಿವಾರ ಮೆಂಡೆಲನದು, ಭಾನುವಾರ ಎತ್ತು ತರಿಸಿದ ಅಧಿಕಾರಿ ದೊರೆಯದು, ಸೋಮವಾರ ಬಸವಣ್ಣನದು. ಆ ಕಣಿವೆಯಲ್ಲಿ ದೇವರಿಲ್ಲದ ದಿನ ವಾರಕ್ಕೆ ಮೂರೇ ಇದ್ದವು. ದೋವ್ ಸಿಟ್ಟಿನಲ್ಲಿ ಕೂಗಿದ. "ಹಾಗಾದರೆ ಪಾಲಾಗಲಿ! ಒಂದೆತ್ತು ಅವರಿಗೆ, ಒಂದು ನಮಗೆ. ಊರಿನ ಎತ್ತಿನ ಜೊತೆ ಕಟ್ಟಿಕೊಳ್ಳುತ್ತೇವೆ." ಮೆಂಡೆಲನೂ ಆಗಲಿ ಎಂದ. ಮೂರು ವರ್ಷದಲ್ಲಿ ಅಣ್ಣ ತಮ್ಮಂದಿರು ಒಪ್ಪಿದ ಮೊದಲ ಮಾತು ಅದು.

ನಾನು ಮಾವನಿಗೆ ಹೇಳಿದೆ. ಅವರು ಬುಡತ್ಲಾಗೆ ಅನ್ನಲಿಲ್ಲ. ಮುಖ ಬೂದಿಯಾಯಿತು.

ಭಾನುವಾರ

ಅಧಿಕಾರಿ ದೊರೆಗೆ ಓಲೆ ಹೋಯಿತು. ಭಾನುವಾರವಾದ್ದರಿಂದ ಅವನು ಬರಲಿಲ್ಲ. ನಾಳೆ ಬಂದು ಪಾಲಿಗೆ ರುಜು ಹಾಕುವೆನೆಂದು ಉತ್ತರ ಬರೆದ. ಮೇಲಿನವರು ಅಂದೇ ಸಿದ್ದನನ್ನು ಹೊಡೆದುಕೊಂಡು ಹೋದರು. ಸಿದ್ದ ಮೇಲೆ ನಿಂತು ಕೂಗಿದ, ಮುದ್ದ ಕೆಳಗೆ ನಿಂತು ಕೂಗಿದ. ಎರಡೂ ಹುಲ್ಲು ಮುಟ್ಟಲಿಲ್ಲ. ಮಾವನೂ ಊಟ ಮುಟ್ಟಲಿಲ್ಲ.

"ನಿಮ್ಮತ್ತೇಗ್ ಏನ್ ಏಳ್ಲಿ ಕಣ್ಲಾ?" ಎಂದರು. "ಜಗಲಿ ಮ್ಯಾಲ್ ಬಿದ್ದಿರದು ದೊಡ್ಡದಲ್ಲ. ಗೊಟ್ಟದಲ್ಲಿ ಆಲು ಕುಡ್ಸುದ್ಲಲ್ಲ ಅವ್ಳು."

ನನ್ನ ಇಂಗ್ಲಿಷು, ನನ್ನ ಜಂಬ ಯಾವುದೂ ಆಗ ಉಪಯೋಗಕ್ಕೆ ಬರಲಿಲ್ಲ. ಸೋಮವಾರದ ಮಾತನ್ನು ಬಾಯಿ ಬಿಟ್ಟವನು ನಾನೇ ಎಂದು ನನ್ನ ಮೇಲೆಯೇ ಅಸಹ್ಯವಾಯಿತು.

ಸೋಮವಾರ

ಅಧಿಕಾರಿ ದೊರೆ ಮೋಟಾರಿನಲ್ಲಿ ಬಂದ. ಕಾಗದಕ್ಕೆ ರುಜು ಹಾಕುವ ಮೊದಲು ಪರೀಕ್ಷೆಯಾಗಬೇಕೆಂದ. ಬದುವಿನ ಮೇಲುಗಡೆ ಸಿದ್ದನನ್ನೂ ಒಂದು ಊರೆತ್ತನ್ನೂ ಕಟ್ಟಿದರು, ಕೆಳಗಡೆ ಮುದ್ದನನ್ನೂ ಇನ್ನೊಂದನ್ನೂ. ಮಾವ ಸೋಮವಾರವೆಂದು ಕೈ ಮುಗಿದು ಬೇಡಿಕೊಂಡರು. ಬರಿ ಪರೀಕ್ಷೆ ತಾನೇ ಎಂದ ದೊರೆ.

ಮೆಂಡೆಲ್ ನೇಗಿಲು ಒತ್ತಿದ. ಸಿದ್ದ ಮಲಗಿಬಿಟ್ಟ. ದೋವ್ ನೇಗಿಲು ಒತ್ತಿದ. ಸಾಧುಪ್ರಾಣಿ ಮುದ್ದನೂ ಮಲಗಿದ. ಮೆಂಡೆಲ್ ಶಾಸ್ತ್ರದ ಭಾಷೆಯಲ್ಲಿ ಬೇಡಿಕೊಂಡ, ದೋವ್ ಕೂಲಿಕಾರರ ಭಾಷೆಯಲ್ಲಿ ಬೈದ, ದೊರೆ ಇಂಗ್ಲಿಷಿನಲ್ಲಿ ಹುರಿದುಂಬಿಸಿದ. ಎತ್ತುಗಳು ಮೆಲುಕು ಹಾಕಿದವು. ಬೇಲಿಯಾಚೆ ನಿಂತಿದ್ದ ಅಬು ಸಲೀಂ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದ.

ಮಾವನಿಗೆ ತಡೆಯಲಾಗಲಿಲ್ಲ. ಬದುವಿನ ಮೇಲೆ ನಿಂತು ಅಳುವ ದನಿಯಲ್ಲಿ ಕರೆದರು. "ಬಾರಪ್ಪ ಸಿದ್ದ... ಬಾ ಮುದ್ದ... ಬಾ."

ಎರಡೂ ಎದ್ದವು. ನೊಗ, ನೇಗಿಲು, ಜೊತೆಗೆ ಕಟ್ಟಿದ್ದ ಬಡಪಾಯಿ ಊರೆತ್ತು, ನೇಗಿಲು ಹಿಡಿದಿದ್ದ ಅಣ್ಣ, ತಮ್ಮ, ಎಲ್ಲವನ್ನೂ ಎಳೆದುಕೊಂಡು ಒಂದು ಮೇಲಿಂದ ಕೆಳಕ್ಕೂ ಇನ್ನೊಂದು ಕೆಳಗಿಂದ ಮೇಲಕ್ಕೂ ನುಗ್ಗಿದವು. ಎರಡು ಸೊಟ್ಟ ಸಾಲುಗಳು ಬದುವಿಗೆ ಬಂದು ಕೂಡಿದವು. ಬದು ಕಿತ್ತುಹೋಯಿತು. ಸಿದ್ದ ಮುದ್ದನ ಕತ್ತು ನೆಕ್ಕತೊಡಗಿದ. ಎರಡು ನೇಗಿಲ ಹಿಂದೆ ಮೆಂಡೆಲ್, ದೋವ್ ಮುಖಕ್ಕೆ ಮುಖ ಕೊಟ್ಟು ನಿಂತಿದ್ದರು. ಮೆಂಡೆಲ್ ತಮ್ಮನನ್ನೇ ನೋಡಿ, ಮನೆಮಾತಿನಲ್ಲಿ ನೇರವಾಗಿ ಏನೋ ಹೇಳಿದ.

ಎಲ್ಲರೂ ಉಸಿರು ಬಿಗಿಹಿಡಿದರು. ಮೂರು ವರ್ಷದ ಮೌನ ಮುರಿದ ಮಾತು! ಏನು ಹೇಳಿದನೆಂದು ಆಮೇಲೆ ವಿಚಾರಿಸಿದೆ.

"ಎತ್ತು ನಿನ್ನ ಕಾಲ ಮೇಲೆ ನಿಂತಿದೆ" ಎಂದನಂತೆ.

ದೋವನ ಕಾಲಿಗೆ ನಾನೇ ಪಟ್ಟಿ ಕಟ್ಟಿದೆ. ದನದ ಕಾಂಪೌಂಡರಿಕೆ ಕೊನೆಗೂ ಕೆಲಸಕ್ಕೆ ಬಂತು. ದೊರೆ ನಗುತ್ತ ಕಾಗದ ಹರಿದ. ಸೋಮವಾರ ಎತ್ತಿಗೆ ಯಾಕೆ ರಜೆ ಎಂದು ದೋವ್ ನರಳುತ್ತಲೇ ಕೇಳಿದ. ಮಾವ ಹೇಳಿದರು.

"ಬಸವಣ್ಣನ್ ದಿನ ಅಂತೀವಿ. ದ್ಯಾವ್ರ ಎಸ್ರು ಏಳ್ದಿದ್ರೆ ನಮ್ ಜನ ಏಳ್ ದಿನಾನೂ ಉಳ್ತಾರೆ ಕಣ್ರಪ್ಪ. ಎತ್ತು ಸತ್ತೋಯ್ತದೆ."

ನಾನು ಎಚ್ಚರಿಕೆಯಿಂದ ಅನುವಾದ ಮಾಡಿದೆ. "ದೇವರ ಹೆಸರು ನೆಪ. ಅದು ದುಡಿಯುವವನ ಹಕ್ಕು" ಎಂದು ದೋವ್ ತಲೆದೂಗಿದ. "ಹಕ್ಕೆಂದು ಹೇಳಿದರೆ ಯಾರೂ ಕೇಳುವುದಿಲ್ಲ, ಅದಕ್ಕೇ ದೇವರು ಆಜ್ಞೆ ಮಾಡಿದ" ಎಂದ ಮೆಂಡೆಲ್. ಹೀಗೆ ಇಬ್ಬರೂ ತಾವೇ ಗೆದ್ದೆವೆಂದುಕೊಂಡು ಒಪ್ಪಂದಕ್ಕೆ ಬಂದರು. ಶನಿವಾರ, ಸೋಮವಾರ ಎತ್ತಿಗೆ ರಜೆ. ಮಿಕ್ಕ ಐದು ದಿನ ಬದು ಇಲ್ಲದೆ ಎರಡೂ ಹೊಲವನ್ನು ಒಂದೇ ಸಾಲಿನಲ್ಲಿ ಉಳುವುದು. ಅಣ್ಣ ಮುಂದೆ, ತಮ್ಮ ನೇಗಿಲಿಗೆ.

ಮಾವ ಇಬ್ಬರಿಗೂ ಕನ್ನಡ ಕಲಿಸಿದರು. ದೋವ್ ಅದನ್ನೆಲ್ಲ ಪುಸ್ತಕದಲ್ಲಿ ಬರೆದುಕೊಂಡ. ಬಾ ಎಂದರೆ ಬರುವುದು, ನಿಲ್ಲು ಎಂದರೆ ನಿಲ್ಲುವುದು, ಬುಡತ್ಲಾಗೆ ಎಂದರೆ ನೊಗ ಇಳಿಸುವುದು. ಮಳೆಗೆ ಒಂದು ದಿನ ಮೊದಲು ಉಳುಮೆ ಮುಗಿಯಿತು.

ನಾವು ಹೊರಟಾಗ ಎರಡೂ ಒಂದೇ ಗೋದಲೆಯಲ್ಲಿ ಮೇಯುತ್ತಿದ್ದವು. ಮಾವ ಅವುಗಳನ್ನು ಕರೆಯಲಿಲ್ಲ. ಕರೆದಿದ್ದರೆ ಹೈಫಾದವರೆಗೂ ಬರುತ್ತಿದ್ದವು. ರೈಲಿನಲ್ಲಿ ಅವರು ಟವಲು ಮುಖಕ್ಕೆ ಹಾಕಿಕೊಂಡು ಕುಳಿತರು. ನನಗೂ ಅಳು ಬಂತು.

ಹನಗೋಡು

ಅತ್ತೆ ಮಾವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಎಲ್ಲವನ್ನೂ ಕೇಳಿ ತಿಳಿದು, ಆಮೇಲೆ ಒಳಕ್ಕೆ ಬಿಟ್ಟುಕೊಂಡರು.

ಮುಂದಿನ ವರ್ಷ ದೋವನ ಕಾಗದ ಬಂತು. ಹನಗೋಡಿಗೆ ಹೋಗಿ ಜಗಲಿಯ ಮೇಲೆ ಕುಳಿತು ಓದಿ ಹೇಳಿದೆ. ಗೋಧಿ ಚೆನ್ನಾಗಿ ಬಂತಂತೆ. ಜೋಡಿ ದುಂಡಗಿವೆಯಂತೆ. ಕಟ್ಟುತ್ತಿರುವ ನಾಡು ಶಾಸ್ತ್ರದ ಮೇಲೆ ನಿಲ್ಲಬೇಕೋ ದುಡಿಮೆಯ ಮೇಲೋ ಎಂದು ಅಣ್ಣ ತಮ್ಮಂದಿರು ಇನ್ನೂ ಕಿತ್ತಾಡುತ್ತಾರಂತೆ, ಆದರೆ ಈಗ ನೇರವಾಗಿಯೇ. ಜಗಳ ಕೈ ಮೀರುವಾಗ ಇಬ್ಬರಲ್ಲಿ ಒಬ್ಬ 'ಬುಡತ್ಲಾಗೆ' ಅನ್ನುತ್ತಾನಂತೆ. ಎದ್ದು ಇಬ್ಬರೂ ಎತ್ತಿಗೆ ಹುಲ್ಲು ಹಾಕಲು ಹೋಗುತ್ತಾರಂತೆ. ಎರಡು ಊರಿನ ಮಕ್ಕಳೂ ಆ ಮಾತು ಕಲಿತಿವೆಯಂತೆ.

ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಮಾವ ಮೀಸೆ ತಿರುವಿದರು.

"ಸರಿ, ಜೋಡಿ ಉಳೀತು" ಎಂದರು ಅತ್ತೆ. ಆಮೇಲೆ ಏನೋ ನೆನಪಾದವರಂತೆ ಕೇಳಿದರು. "ಎತ್ಗೆ ಗೋದಿ ಒಟ್ಟು ತಂದ್ಕೊಟ್ರಲ್ಲ, ಆ ಸಾಬ್ರು? ಅವ್ರು ಈಗ ಏನ್ ಉಳ್ತಾವ್ರೆ?"

ನಾನು ಕಾಗದವನ್ನು ತಿರುಗಿಸಿ ನೋಡಿದೆ. ಅಬು ಸಲೀಮನ ಹೆಸರು ಎಲ್ಲಿಯೂ ಇರಲಿಲ್ಲ. ಮಾವನ ಮುಖ ನೋಡಿದೆ. ಅವರ 'ಬುಡತ್ಲಾಗೆ' ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾದೆ. ಬಾಯಿ ತೆರೆದದ್ದು ನಿಜ. ಆದರೆ ಏನೂ ಹೇಳದೆ ಎದ್ದು, ಖಾಲಿ ಕೊಟ್ಟಿಗೆಯ ಕಡೆ ನಡೆದುಬಿಟ್ಟರು.